ಮೆಟಬಾಲಿಸಂ ಸರಿಯಿದೆಯೇ? ಇಂಚು ಟೇಪಿನಿಂದ ಲ್ಯಾಬ್ ರಿಪೋರ್ಟಿನವರೆಗೆ ಸಮಗ್ರ ಮಾರ್ಗದರ್ಶಿ

“ನಂದು ಮೆಟಬಾಲಿಸಂ ಸ್ಲೋ, ಗಾಳಿ ಕುಡಿದ್ರೂ ದಪ್ಪ ಆಗ್ತೀನಿ” ಎನ್ನುವವರು ಮೊದಲು ಓಡುವುದು ಥೈರಾಯ್ಡ್ ಪರೀಕ್ಷೆಗೆ. ಅದರಲ್ಲಿ ಟಿಎಸ್‌ಎಚ್ (ಥೈರಾಯ್ಡನ್ನು ನಿಯಂತ್ರಿಸುವ ಹಾರ್ಮೋನ್) ನಾರ್ಮಲ್ ಬಂತೋ, ರಿಪೋರ್ಟು ಬೀರು ಸೇರುತ್ತದೆ. ಕೆಲವು ವರ್ಷ ಕಳೆದು ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾದಾಗ “ಹೋದ ಸಲ ಎಲ್ಲಾ ನಾರ್ಮಲ್ ಇತ್ತಲ್ಲ” ಎಂದು ಗಾಬರಿಯಾಗುತ್ತಾರೆ. ನಾರ್ಮಲ್ ಇದ್ದದ್ದು ಥೈರಾಯ್ಡ್ ಒಂದೇ. ಸೊಂಟದ ಸುತ್ತಳತೆ, ಬಿಪಿ, ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು) ಏರುತ್ತಿದ್ದುದನ್ನು ಯಾರೂ ನೋಡಿರಲಿಲ್ಲ.

ಚಯಾಪಚಯದ, ಅಂದರೆ ಮೆಟಬಾಲಿಸಂನ, ತೊಂದರೆಗಳ ಬಹುಪಾಲು ಸುಳಿವು ದುಬಾರಿ ಪ್ಯಾಕೇಜಿನಲ್ಲಿಲ್ಲ. ಒಂದು ಇಂಚು ಟೇಪು, ಒಂದು ಬಿಪಿ ಮಿಷನ್ನು, ಖಾಲಿ ಹೊಟ್ಟೆಯ ಶುಗರ್, ಒಂದು ಲಿಪಿಡ್ ಪ್ರೊಫೈಲ್ (ರಕ್ತದ ಕೊಬ್ಬಿನ ಪರೀಕ್ಷೆ), ಇಷ್ಟರಲ್ಲೇ ಸಿಗುತ್ತದೆ. ಆದರೆ ಸರಿಯಾದ ರೀತಿಯಲ್ಲಿ ಅಳೆದಿರಬೇಕು, ಬಂದ ಅಂಕಿಗಳನ್ನು ಒಟ್ಟಿಗೆ ಇಟ್ಟು ಓದಬೇಕು. ಅದನ್ನು ಹೇಗೆ ಮಾಡುವುದು ಎಂಬುದನ್ನು ಇಲ್ಲಿ ಒಂದೊಂದಾಗಿ ಬರೆದಿದ್ದೇನೆ.

ಮೊದಲು, ದೇಹದೊಳಗೆ ಏನಾಗುತ್ತದೆ

ಸುಮ್ಮನೆ ಮಲಗಿದ್ದರೂ ಹೃದಯ ಬಡಿಯಬೇಕು, ಮಿದುಳು ಕೆಲಸ ಮಾಡಬೇಕು, ಮೈ ಬೆಚ್ಚಗಿರಬೇಕು. ಇದಕ್ಕೆ ಬೇಕಾದ ಶಕ್ತಿಯನ್ನು ಬಿಎಂಆರ್ ಎನ್ನುತ್ತಾರೆ. ಹೆಚ್ಚಿನವರಲ್ಲಿ ದಿನದ ಒಟ್ಟು ಖರ್ಚಿನ ನೂರಕ್ಕೆ 60ರಿಂದ 70 ಭಾಗ ಇದೇ. ತಿಂದದ್ದನ್ನು ಅರಗಿಸಲು ಸುಮಾರು 10 ಭಾಗ ಹೋಗುತ್ತದೆ. ಉಳಿದದ್ದು ಓಡಾಟ, ಮನೆಗೆಲಸ, ವ್ಯಾಯಾಮಕ್ಕೆ.

ನಿಮ್ಮ ಬಿಎಂಆರ್ ಅಂದಾಜು ಮಾಡಲು 1990ರಲ್ಲಿ ಪ್ರಕಟವಾದ ಮಿಫ್ಲಿನ್-ಸೇಂಟ್ ಜಿಯೋರ್ ಸೂತ್ರ ಸಾಕು. ತೂಕವನ್ನು (ಕೆಜಿ) 10ರಿಂದ, ಎತ್ತರವನ್ನು (ಸೆಂ.ಮೀ.) 6.25ರಿಂದ ಗುಣಿಸಿ ಕೂಡಿಸಿ. ಅದರಿಂದ ವಯಸ್ಸಿನ ಐದರಷ್ಟನ್ನು ಕಳೆಯಿರಿ. ಗಂಡಸರು ಕೊನೆಗೆ 5 ಕೂಡಿಸಬೇಕು, ಹೆಂಗಸರು 161 ಕಳೆಯಬೇಕು. 38 ವರ್ಷದ, 68 ಕೆಜಿ ತೂಕದ, 168 ಸೆಂ.ಮೀ. ಎತ್ತರದ ಗಂಡಸಿಗೆ 680 + 1050 − 190 + 5, ಅಂದರೆ 1545 ಕಿಲೋ ಕ್ಯಾಲೊರಿ. ಇದು ಅಂದಾಜು ಮಾತ್ರ. ನಿಖರವಾಗಿ ಬೇಕಿದ್ದರೆ ಉಸಿರಿನ ಆಮ್ಲಜನಕ ಮತ್ತು ಇಂಗಾಲದ ಡೈಆಕ್ಸೈಡ್ ಅಳೆಯುವ ಇನ್‌ಡೈರೆಕ್ಟ್ ಕ್ಯಾಲೊರಿಮೆಟ್ರಿ ಇದೆ. ಐಸಿಯು ರೋಗಿಗಳಿಗೆ, ಕ್ರೀಡಾಪಟುಗಳಿಗೆ, ಸಂಶೋಧನೆಗೆ ಅದು ಉಪಯುಕ್ತ. ನಮ್ಮ ನಿಮ್ಮಂಥವರಿಗೆ ಅದರ ಅಗತ್ಯ ಬೀಳುವುದು ಅಪರೂಪ.

“ಮೂವತ್ತು ದಾಟಿದ ಮೇಲೆ ಮೆಟಬಾಲಿಸಂ ಬಿದ್ದೋಯ್ತು” ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಹರ್ಮನ್ ಪೊಂಟ್ಜರ್ ಮತ್ತು ಸಂಗಡಿಗರು 2021ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಒಪ್ಪುವುದಿಲ್ಲ. 29 ದೇಶಗಳ 6,400ಕ್ಕೂ ಹೆಚ್ಚು ಜನರ ಮಾಹಿತಿಯಲ್ಲಿ, ದೇಹದ ಗಾತ್ರವನ್ನು ಲೆಕ್ಕಕ್ಕೆ ತೆಗೆದುಕೊಂಡರೆ, 20ರಿಂದ 60ರವರೆಗೆ ಶಕ್ತಿಯ ಖರ್ಚು ಹೆಚ್ಚುಕಡಿಮೆ ಒಂದೇ ಸಮ ಇತ್ತು. ಇಳಿತ ಶುರುವಾಗಿದ್ದು 60ರ ನಂತರ. ಹಾಗಾಗಿ ನಡುವಯಸ್ಸಿನ ಹೊಟ್ಟೆಗೆ ಕಾರಣವನ್ನು ಬೇರೆ ಕಡೆ ಹುಡುಕಬೇಕು: ನಿದ್ದೆ, ಕೂತೇ ಮಾಡುವ ಕೆಲಸ, ಕರಗುವ ಸ್ನಾಯು, ತಟ್ಟೆಯಲ್ಲಿ ಏನಿದೆ ಎಂಬುದು.

ಈಗ ಮುಖ್ಯ ವಿಷಯಕ್ಕೆ ಬರೋಣ. ಮಧ್ಯಾಹ್ನ ಅನ್ನ-ಸಾರೋ ಮುದ್ದೆಯೋ ಉಂಡಿರಿ. ಅದು ಗ್ಲೂಕೋಸ್ ಆಗಿ ರಕ್ತಕ್ಕೆ ಇಳಿಯುತ್ತದೆ. ಮೇದೋಜೀರಕ ಗ್ರಂಥಿ ಇನ್ಸುಲಿನ್ ಬಿಡುತ್ತದೆ. ಇನ್ಸುಲಿನ್ ಹೇಳಿದಂತೆ ಸ್ನಾಯು ಗ್ಲೂಕೋಸನ್ನು ಒಳಗೆಳೆದುಕೊಳ್ಳುತ್ತದೆ, ಲಿವರ್ ತನ್ನ ಪಾಲನ್ನು ಗ್ಲೈಕೊಜನ್ ರೂಪದಲ್ಲಿ ಕೂಡಿಡುತ್ತದೆ. ಈ ದಾಸ್ತಾನಿಗೆ ಮಿತಿಯಿದೆ: ಲಿವರಿನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂ. ಅದು ತುಂಬಿದ ಮೇಲೂ ಬರುತ್ತಲೇ ಇದ್ದರೆ ಲಿವರ್ ಹೆಚ್ಚಾದದ್ದನ್ನು ಕೊಬ್ಬಾಗಿ ಮಾರ್ಪಡಿಸಿ ಟ್ರೈಗ್ಲಿಸರೈಡ್ ರೂಪದಲ್ಲಿ ರಕ್ತಕ್ಕೆ ಬಿಡುತ್ತದೆ. ರಾತ್ರಿ ನಿದ್ದೆಯಲ್ಲಿ ಲೆಕ್ಕ ತಿರುಗುತ್ತದೆ. ಊಟ ಬರುತ್ತಿಲ್ಲ, ಮಿದುಳಿಗೆ ಗ್ಲೂಕೋಸ್ ಬೇಕು, ಲಿವರ್ ಸ್ವಲ್ಪ ಸ್ವಲ್ಪವೇ ಹೊರಗೆ ಬಿಡುತ್ತಾ ಬೆಳಗಿನವರೆಗೆ ನಿಭಾಯಿಸುತ್ತದೆ.

ಇದು ಗೊತ್ತಿದ್ದರೆ ಪರೀಕ್ಷೆಗಳ ಅರ್ಥ ತಾನಾಗಿ ಬಿಚ್ಚಿಕೊಳ್ಳುತ್ತದೆ. ಖಾಲಿ ಹೊಟ್ಟೆಯ ಶುಗರ್ ಮುಖ್ಯವಾಗಿ ಲಿವರಿನ ರಾತ್ರಿ ಪಾಳಿ ಹೇಗೆ ನಡೆಯಿತು ಎಂದು ಹೇಳುತ್ತದೆ. ಊಟದ ನಂತರದ ಶುಗರ್ ಹೇಳುವುದು ಸ್ನಾಯು ಮತ್ತು ಇನ್ಸುಲಿನ್ನಿನ ಸಾಮರ್ಥ್ಯವನ್ನು. ಟ್ರೈಗ್ಲಿಸರೈಡಿನಿಂದ ಲಿವರ್ ಉಕ್ಕಿ ಹರಿಯುತ್ತಿದೆಯೇ ಎಂಬುದು ತಿಳಿಯುತ್ತದೆ. ಲಿವರ್ ಮತ್ತು ಸ್ನಾಯುವಿನಲ್ಲಿ ಕೊಬ್ಬು ಸೇರಿಕೊಂಡಾಗ ಇನ್ಸುಲಿನ್ನಿನ ಮಾತು ಅವಕ್ಕೆ ಸರಿಯಾಗಿ ಕೇಳಿಸದಾಗುತ್ತದೆ. ಇದೇ ಇನ್ಸುಲಿನ್ ಪ್ರತಿರೋಧ. ಮೇದೋಜೀರಕ ಹೆಚ್ಚು ಹೆಚ್ಚು ಇನ್ಸುಲಿನ್ ಸುರಿದು ವರ್ಷಗಟ್ಟಲೆ ಶುಗರನ್ನು ನಾರ್ಮಲ್ ಆಗಿಯೇ ಇಟ್ಟಿರುತ್ತದೆ. ಆ ವರ್ಷಗಳಲ್ಲಿ ಸೊಂಟ ಮತ್ತು ಟ್ರೈಗ್ಲಿಸರೈಡ್ ಮೊದಲು ಮಾತಾಡುತ್ತವೆ, ಶುಗರ್ ಕೊನೆಗೆ.

ಹಂತ 1: ಸೊಂಟ ಅಳೆಯಿರಿ, ತೂಕಕ್ಕಿಂತ ಮೊದಲು

2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಇಬ್ಬರು ವಿಜ್ಞಾನಿಗಳ ಫೋಟೋ ಪ್ರಕಟಿಸಿತು. ಒಬ್ಬರು ಪುಣೆಯ ಮಧುಮೇಹ ತಜ್ಞ ಚಿತ್ತರಂಜನ್ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಜಾನ್ ಯುಡ್ಕಿನ್. ಇಬ್ಬರ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) ಕೂಡ 22.3. ದೇಹದ ಕೊಬ್ಬು ಅಳೆದರೆ ಯುಡ್ಕಿನ್‌ರಲ್ಲಿ ಶೇ. 9.1, ಯಾಜ್ಞಿಕ್‌ರಲ್ಲಿ ಶೇ. 21.2. ತೂಕದ ಮಿಷನ್ನು ನಮ್ಮಲ್ಲಿ ಅನೇಕರಿಗೆ ಸುಳ್ಳು ಧೈರ್ಯ ಕೊಡುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ, ಇದು ನಮ್ಮ ಬಸ್‌ಸ್ಟ್ಯಾಂಡುಗಳಲ್ಲಿ ದಿನಾ ಕಾಣುವ ಮೈಕಟ್ಟು. ಈ ಕಾರಣಕ್ಕೇ ಭಾರತೀಯರಿಗೆ ಬಿಎಂಐ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು ಎಂಬ ಗೆರೆ ಹಾಕಿಕೊಂಡಿದ್ದಾರೆ.

ಅಳೆಯುವ ಕ್ರಮ ಹೀಗೆ. ಬೆಳಿಗ್ಗೆ ತಿಂಡಿಗೆ ಮುಂಚೆ ಬರಿಗಾಲಲ್ಲಿ ನೇರವಾಗಿ ನಿಲ್ಲಿ. ಪಕ್ಕೆಲುಬಿನ ಕೆಳತುದಿಯನ್ನು ಬೆರಳಿನಿಂದ ಮುಟ್ಟಿ ನೋಡಿ, ಹಾಗೆಯೇ ಸೊಂಟದ ಮೂಳೆಯ ಮೇಲಂಚನ್ನು ಹುಡುಕಿ. ಎರಡರ ನಡುವೆ ಟೇಪು ಸುತ್ತಿ. ಟೇಪು ನೆಲಕ್ಕೆ ಸಮಾನಾಂತರವಾಗಿರಲಿ, ಚರ್ಮವನ್ನು ಒತ್ತದಿರಲಿ. ಸಹಜವಾಗಿ ಉಸಿರು ಬಿಟ್ಟ ಕೊನೆಯಲ್ಲಿ ಓದಿ. ಹೊಟ್ಟೆ ಒಳಗೆಳೆದುಕೊಳ್ಳಬೇಡಿ. ಪ್ಯಾಂಟಿನ ಸೈಜು ಇದಕ್ಕೆ ಬದಲಿ ಆಗುವುದಿಲ್ಲ, ಪ್ಯಾಂಟು ಹೊಟ್ಟೆಯ ಕೆಳಗೆ ನಿಂತಿರುತ್ತದೆ. ಸೀರೆ ಉಡುವವರು ಲಂಗದ ಲಾಡಿ ಸಡಿಲಿಸಿ ಬರಿಮೈ ಮೇಲೆ ಅಳೆಯಬೇಕು.

ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮುಟ್ಟಿದರೆ ಒಂದು ಎಚ್ಚರಿಕೆ ಎಂದು ಬರೆದುಕೊಳ್ಳಿ. ಯುರೋಪಿನ ಗಂಡಸರಿಗೆ ಇದೇ ಗೆರೆ 94 ಸೆಂ.ಮೀ.ಗೆ ಇದೆ, ದಕ್ಷಿಣ ಏಷ್ಯಾದವರಿಗೆ ಅದಕ್ಕಿಂತ ಕೆಳಗೆ. ವಿದೇಶದಲ್ಲಿರುವ ಕನ್ನಡಿಗರು ಅಲ್ಲಿನ ವೈದ್ಯರಿಗೆ ತಮ್ಮ ಮೂಲ ಹೇಳಿ ನಮ್ಮ ಗೆರೆಯಲ್ಲೇ ನೋಡಲು ಕೇಳಬೇಕು.

ಹಂತ 2: ಬಿಪಿಯನ್ನು ಆತುರದಲ್ಲಿ ನೋಡಬೇಡಿ

ಮೆಟ್ಟಿಲು ಹತ್ತಿ ಬಂದ ಕೂಡಲೇ, ಮಾತಾಡುತ್ತಾ, ಕಾಲ ಮೇಲೆ ಕಾಲು ಹಾಕಿ ನೋಡಿಸಿದ ಬಿಪಿ ಲೆಕ್ಕಕ್ಕಿಲ್ಲ. ಐದು ನಿಮಿಷ ಸುಮ್ಮನೆ ಕೂರಿ, ಬೆನ್ನಿಗೆ ಆಸರೆ ಇರಲಿ, ಪಾದಗಳು ನೆಲಕ್ಕೆ ತಾಗಿರಲಿ, ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಲಿ. ಅರ್ಧ ಗಂಟೆ ಮೊದಲಿನಿಂದ ಕಾಫಿ, ಬೀಡಿ ಸಿಗರೇಟು ಬೇಡ. ಒಂದೆರಡು ನಿಮಿಷದ ಅಂತರದಲ್ಲಿ ಎರಡು ಸಲ ನೋಡಿ ಸರಾಸರಿ ಬರೆದುಕೊಳ್ಳಿ. ಮೇಲಿನ ಅಂಕಿ 130 ಅಥವಾ ಕೆಳಗಿನದು 85 ಮುಟ್ಟಿದರೆ ಚಯಾಪಚಯದ ಲೆಕ್ಕದಲ್ಲಿ ಇನ್ನೊಂದು ಎಚ್ಚರಿಕೆ. ಬಿಪಿ ಮಾತ್ರೆ ನುಂಗುತ್ತಿರುವವರಿಗೂ ಇದು ಎಣಿಕೆಗೆ ಸೇರುತ್ತದೆ. ಕ್ಲಿನಿಕ್ಕಿನಲ್ಲಿ ಮತ್ತೆ ಮತ್ತೆ 140/90 ಮೇಲೆಯೇ ಇದ್ದರೆ ಅದು ರಕ್ತದೊತ್ತಡ ಕಾಯಿಲೆ, ಬೇರೆಯಾಗಿಯೇ ಚಿಕಿತ್ಸೆ ಬೇಕು.

30 ದಾಟಿದವರಿಗೆ ಬಿಪಿ, ಶುಗರ್ ತಪಾಸಣೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ನಗರಗಳ ನಮ್ಮ ಕ್ಲಿನಿಕ್‌ಗಳಲ್ಲಿ ಉಚಿತವಾಗಿ ಆಗುತ್ತದೆ. ದುಡ್ಡಿಲ್ಲ ಎಂಬ ಕಾರಣಕ್ಕೆ ಮುಂದೂಡಬೇಕಿಲ್ಲ.

ಹಂತ 3: ಲ್ಯಾಬಿಗೆ ಹೋಗುವ ಹಿಂದಿನ ದಿನ

ಹೆಚ್ಚಿನ ತಪ್ಪು ರಿಪೋರ್ಟುಗಳು ಹುಟ್ಟುವುದು ಲ್ಯಾಬಿನ ಮಿಷನ್ನಿನಲ್ಲಲ್ಲ, ರಕ್ತ ಕೊಡುವ ಮುಂಚಿನ ಹನ್ನೆರಡು ಗಂಟೆಯಲ್ಲಿ. ಅದಕ್ಕೇ ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ರಾತ್ರಿ ಒಂಬತ್ತಕ್ಕೆ ಎಂದಿನ ಊಟ ಮುಗಿಸಿ ಬೆಳಿಗ್ಗೆ ಏಳೆಂಟರ ಹೊತ್ತಿಗೆ ರಕ್ತ ಕೊಟ್ಟರೆ ಶುಗರಿಗೂ ಲಿಪಿಡ್ಡಿಗೂ ಸರಿಹೋಗುತ್ತದೆ. ಹಿಂದಿನ ದಿನ ಮದುವೆ ಊಟ, ಹೋಳಿಗೆ-ತುಪ್ಪ, ಮದ್ಯ ಆಗಿದ್ದರೆ ಟ್ರೈಗ್ಲಿಸರೈಡ್ ಏರಿರುತ್ತದೆ, ಎರಡು ಮೂರು ದಿನ ಬಿಟ್ಟು ಹೋಗಿ. ಏಕಾದಶಿಯ ದಿನವಿಡೀ ಉಪವಾಸದ ಮರುದಿನವೂ ಬೇಡ. ದೇಹ ಆಗ ಬೇರೆ ಇಂಧನದ ಮೇಲೆ ನಡೆಯುತ್ತಿರುತ್ತದೆ. ನೀರು ಕುಡಿಯಬಹುದು, ಕುಡಿಯಲೇಬೇಕು, ನರ ಸಿಗುವುದು ಸುಲಭ. “ಸಕ್ಕರೆ ಹಾಕದ ಅರ್ಧ ಲೋಟ ಕಾಫಿ ಅಷ್ಟೇ” ಎನ್ನುವವರು ಖಾಲಿ ಹೊಟ್ಟೆಯಲ್ಲಿಲ್ಲ. ಹಾಲಿನಲ್ಲಿ ಸಕ್ಕರೆ ಅಂಶ ಇದೆ, ಕೊಬ್ಬಿದೆ. ಎಲೆ-ಅಡಿಕೆ, ಗುಟ್ಕಾ, ಬೀಡಿ ಕೂಡ ಬೇಡ. ಬೆಳಗಿನ ಜಾಗಿಂಗ್ ಆ ದಿನ ಬಿಟ್ಟುಬಿಡಿ.

ಜ್ವರ, ಡೆಂಗಿ, ದೊಡ್ಡ ಸೋಂಕು ಆಗಿ ಎದ್ದಿದ್ದರೆ ಕೆಲವು ವಾರ ಕಾಯಿರಿ. ಕಾಯಿಲೆಯ ಒತ್ತಡದಲ್ಲಿ ಶುಗರ್ ಏರುತ್ತದೆ, ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್) ಇಳಿಯುತ್ತದೆ, ಟಿಎಸ್‌ಎಚ್ ಕೂಡ ಆಚೀಚೆ ಆಗುತ್ತದೆ. ಸ್ಟೆರಾಯ್ಡ್ ಮಾತ್ರೆ ಅಥವಾ ಇಂಜೆಕ್ಷನ್ ಆಗಿದ್ದರೆ ವೈದ್ಯರಿಗೆ ಹೇಳಿ. ಮಂಡಿನೋವಿಗೆ ಹಾಕಿಸಿಕೊಂಡ ಒಂದು ಇಂಜೆಕ್ಷನ್ನೂ ಕೆಲವು ದಿನ ಶುಗರ್ ಏರಿಸಬಲ್ಲದು. ಕೂದಲು ಉದುರುವುದಕ್ಕೆಂದು ಬಯೋಟಿನ್ ಮಾತ್ರೆ ನುಂಗುವವರು ಕನಿಷ್ಠ ಎರಡು ದಿನ ಮೊದಲೇ ನಿಲ್ಲಿಸಬೇಕು. ಹಲವು ಲ್ಯಾಬುಗಳು ಬಳಸುವ ಥೈರಾಯ್ಡ್ ಪರೀಕ್ಷಾ ವಿಧಾನಕ್ಕೆ ಬಯೋಟಿನ್ ಅಡ್ಡ ಬರುತ್ತದೆ, ಇಲ್ಲದ ಹೈಪರ್‌ಥೈರಾಯ್ಡ್ ಇದ್ದಂತೆ ತೋರಿಸುತ್ತದೆ.

ಮನೆಗೆ ಬಂದು ರಕ್ತ ತೆಗೆದುಕೊಂಡು ಹೋಗುವವರನ್ನು ಕರೆಸಿದರೆ ಒಂದು ವಿಷಯ ಗಮನಿಸಿ. ಶುಗರಿನ ರಕ್ತವನ್ನು ಬೂದು ಮುಚ್ಚಳದ ಟ್ಯೂಬಿಗೆ ಹಾಕುತ್ತಾರೆಯೇ? ಅದರಲ್ಲಿ ಫ್ಲೋರೈಡ್ ಇರುತ್ತದೆ. ಅದಿಲ್ಲದಿದ್ದರೆ ಟ್ಯೂಬಿನಲ್ಲಿರುವ ರಕ್ತಕಣಗಳೇ ಗಂಟೆಗೆ ಶೇ. 5ರಿಂದ 7ರಷ್ಟು ಗ್ಲೂಕೋಸ್ ತಿಂದುಹಾಕುತ್ತವೆ. ಬೈಕಿನ ಡಬ್ಬದಲ್ಲಿ ಊರೆಲ್ಲ ಸುತ್ತಿ ಮೂರು ಗಂಟೆ ತಡವಾಗಿ ಲ್ಯಾಬ್ ಸೇರಿದ ರಕ್ತದಲ್ಲಿ 108 ಇದ್ದದ್ದು 90ರ ಆಸುಪಾಸಿಗೆ ಇಳಿದಿರಬಹುದು. ಪ್ರಿಡಯಾಬಿಟಿಸ್ (ಸಕ್ಕರೆ ಕಾಯಿಲೆಯ ಹಿಂದಿನ ಹಂತ) ಕಣ್ಮರೆಯಾಗುವುದು ಹೀಗೆ. ಎಚ್‌ಬಿಎ1ಸಿಗೆ (ಎರಡು ಮೂರು ತಿಂಗಳ ಸರಾಸರಿ ಶುಗರ್ ಹೇಳುವ ಪರೀಕ್ಷೆ) ನೇರಳೆ ಮುಚ್ಚಳದ ಟ್ಯೂಬು ಬೇರೆ. ಲ್ಯಾಬಿಗೆ ಎನ್‌ಎಬಿಎಲ್ (ಲ್ಯಾಬುಗಳ ಗುಣಮಟ್ಟ ನೋಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆಯೇ ಎಂದೂ ಕೇಳಿ, ರಿಪೋರ್ಟಿನ ಮೇಲೆ ಅದರ ಚಿಹ್ನೆ ಇರುತ್ತದೆ.

ಹಂತ 4: ಮೊದಲ ಸುತ್ತಿನ ಪರೀಕ್ಷೆಗಳು

ಖಾಲಿ ಹೊಟ್ಟೆಯ ಶುಗರ್, ಎಚ್‌ಬಿಎ1ಸಿ, ಲಿಪಿಡ್ ಪ್ರೊಫೈಲ್, ಲಿವರಿನ ಎಎಲ್‌ಟಿ-ಎಎಸ್‌ಟಿ, ಕಿಡ್ನಿಯ ಕ್ರಿಯಾಟಿನಿನ್, ರಕ್ತಕಣಗಳ ಎಣಿಕೆಯ ಸಿಬಿಸಿ, ಟಿಎಸ್‌ಎಚ್. ಮೊದಲ ಸಲಕ್ಕೆ ಇಷ್ಟು ಸಾಕು. ನೂರು ಟೆಸ್ಟುಗಳ ಪ್ಯಾಕೇಜು ಅಗ್ಗವೆಂದು ತೆಗೆದುಕೊಳ್ಳುವ ಮುಂಚೆ ಒಂದು ಲೆಕ್ಕ ನೋಡಿ. ಪ್ರತಿ ಪರೀಕ್ಷೆಯ ನಾರ್ಮಲ್ ವ್ಯಾಪ್ತಿಯನ್ನು ಸಾಮಾನ್ಯವಾಗಿ ಆರೋಗ್ಯವಂತರಲ್ಲಿ ನೂರಕ್ಕೆ 95 ಜನ ಒಳಗೆ ಬರುವಂತೆ ಗೊತ್ತುಮಾಡಿರುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿಸಿದರೆ, ಪೂರ್ತಿ ಆರೋಗ್ಯವಂತರಿಗೂ ಕನಿಷ್ಠ ಒಂದರಲ್ಲಿ ಕೆಂಪು ಗುರುತು ಬೀಳುವ ಸಂಭವ ಶೇ. 64. ಆ ಕೆಂಪು ಗುರುತಿನ ಹಿಂದೆ ಬಿದ್ದು ಸ್ಕ್ಯಾನು, ಮತ್ತೊಂದು ಪರೀಕ್ಷೆ, ನಿದ್ದೆಗೆಟ್ಟ ರಾತ್ರಿ. ಈ ಸಂಕಟ ತಪ್ಪಿಸಬಹುದಾದದ್ದು.

ಹಂತ 5: ರಿಪೋರ್ಟನ್ನು ಒಟ್ಟಿಗೆ ಓದಿ

ಮೊದಲು ಹೇಳಿದ 38 ವರ್ಷದವರ ಉದಾಹರಣೆಯನ್ನೇ ಮುಂದುವರಿಸೋಣ. ತೂಕ 68, ಬಿಎಂಐ 24. ಯಾರೂ ಅವರನ್ನು ದಪ್ಪ ಎನ್ನುವುದಿಲ್ಲ. ಸೊಂಟ 94. ಬಿಪಿ 132/84. ಖಾಲಿ ಹೊಟ್ಟೆಯ ಶುಗರ್ 104. ಒಟ್ಟು ಕೊಲೆಸ್ಟ್ರಾಲ್ 196, ಎಚ್‌ಡಿಎಲ್ 36, ಟ್ರೈಗ್ಲಿಸರೈಡ್ 210, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 118. ಟಿಎಸ್‌ಎಚ್ 5.6.

ಮನೆಯವರ ಕಣ್ಣು ಎಲ್ಲಿಗೆ ಹೋಗುತ್ತದೆ? ಕೊಲೆಸ್ಟ್ರಾಲ್ 200ರ ಒಳಗಿದೆ, ಸಮಾಧಾನ. ಶುಗರ್ ನಾಲ್ಕೇ ಅಂಕ ಜಾಸ್ತಿ, ಪರವಾಗಿಲ್ಲ. ಟಿಎಸ್‌ಎಚ್ ಮುಂದೆ ದಪ್ಪಕ್ಷರದ ಗುರುತಿದೆ, “ಓ, ಥೈರಾಯ್ಡೇ ಕಾರಣ.” ಇದು ಪೂರ್ತಿ ತಲೆಕೆಳಗಾದ ಓದು.

2009ರಲ್ಲಿ ಹಲವು ಅಂತಾರಾಷ್ಟ್ರೀಯ ಸಂಸ್ಥೆಗಳು ಸೇರಿ ಮೆಟಬಾಲಿಕ್ ಸಿಂಡ್ರೋಮಿಗೆ (ಚಯಾಪಚಯದ ಹಲವು ತೊಂದರೆಗಳು ಒಟ್ಟಿಗೆ ಕೂಡಿದ ಸ್ಥಿತಿ) ಒಂದೇ ವ್ಯಾಖ್ಯೆ ಒಪ್ಪಿಕೊಂಡವು. ಐದು ಗುರುತುಗಳಲ್ಲಿ ಮೂರಿದ್ದರೆ ಸಿಂಡ್ರೋಮ್ ಇದೆ ಎಂದು ಅರ್ಥ: ಮೇಲೆ ಹೇಳಿದ ಸೊಂಟದ ಅಳತೆ, 130/85 ಮುಟ್ಟಿದ ಬಿಪಿ, 100 ಅಥವಾ ಹೆಚ್ಚಿನ ಖಾಲಿ ಹೊಟ್ಟೆಯ ಶುಗರ್, 150 ಅಥವಾ ಹೆಚ್ಚಿನ ಟ್ರೈಗ್ಲಿಸರೈಡ್, ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕಡಿಮೆ ಎಚ್‌ಡಿಎಲ್. ಈ ವ್ಯಕ್ತಿಯಲ್ಲಿ ಐದಕ್ಕೆ ಐದೂ ಇವೆ. ಒಂದೊಂದೂ ಗೆರೆಯ ಆಚೆ ಸ್ವಲ್ಪವೇ ಇರುವುದರಿಂದ ಯಾವುದೂ ಕಣ್ಣಿಗೆ ಹೊಡೆಯಲಿಲ್ಲ.

ಕೊಲೆಸ್ಟ್ರಾಲಿನ ಒಳಗೆ ಇನ್ನೊಂದು ಗುಟ್ಟು ಇದೆ. ಒಟ್ಟು 196ರಲ್ಲಿ ಒಳ್ಳೆಯ ಎಚ್‌ಡಿಎಲ್ 36 ಕಳೆಯಿರಿ, 160 ಉಳಿಯಿತು. ಇದು ನಾನ್-ಎಚ್‌ಡಿಎಲ್, ರಕ್ತನಾಳಕ್ಕೆ ಅಂಟಿಕೊಳ್ಳಬಲ್ಲ ಕೊಲೆಸ್ಟ್ರಾಲೆಲ್ಲ ಇದರಲ್ಲಿದೆ. 130ರ ಒಳಗಿದ್ದರೆ ಒಳ್ಳೆಯದು. ಟ್ರೈಗ್ಲಿಸರೈಡ್ ಜಾಸ್ತಿ ಇರುವವರಲ್ಲಿ ಎಲ್‌ಡಿಎಲ್‌ಗಿಂತ ಈ ಅಂಕಿ ಹೆಚ್ಚು ನಂಬಿಕೆಯದ್ದು. ಏಕೆಂದರೆ ಅನೇಕ ಲ್ಯಾಬುಗಳು ಎಲ್‌ಡಿಎಲ್ಲನ್ನು ನೇರವಾಗಿ ಅಳೆಯುವುದಿಲ್ಲ; ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ಲನ್ನೂ ಟ್ರೈಗ್ಲಿಸರೈಡಿನ ಐದನೇ ಒಂದು ಭಾಗವನ್ನೂ ಕಳೆದು ಬರೆಯುತ್ತವೆ. ಟ್ರೈಗ್ಲಿಸರೈಡ್ 400 ದಾಟಿದರೆ ಆ ಲೆಕ್ಕವೇ ನಿಲ್ಲುವುದಿಲ್ಲ. 500 ದಾಟಿದರೆ ಮೇದೋಜೀರಕ ಊದಿಕೊಳ್ಳುವ ಅಪಾಯವಿದೆ, ತಡಮಾಡದೆ ವೈದ್ಯರ ಹತ್ತಿರ ಹೋಗಬೇಕು.

ಹಂತ 6: ಶುಗರಿನ ಮೂರು ಮುಖ

ಖಾಲಿ ಹೊಟ್ಟೆಯಲ್ಲಿ 100ರಿಂದ 125, ಅಥವಾ ಎಚ್‌ಬಿಎ1ಸಿ 5.7ರಿಂದ 6.4, ಅಥವಾ ಗ್ಲೂಕೋಸ್ ಕುಡಿದು ಎರಡು ಗಂಟೆಗೆ 140ರಿಂದ 199 ಇದ್ದರೆ ಪ್ರಿಡಯಾಬಿಟಿಸ್. ಖಾಲಿ ಹೊಟ್ಟೆಗೆ 126, ಎಚ್‌ಬಿಎ1ಸಿ 6.5, ಎರಡು ಗಂಟೆಗೆ 200 ಮುಟ್ಟಿದರೆ ಡಯಾಬಿಟಿಸ್. ಲಕ್ಷಣಗಳಿಲ್ಲದವರಿಗೆ ಒಂದೇ ಪರೀಕ್ಷೆಯ ಮೇಲೆ ಹಣೆಪಟ್ಟಿ ಹಚ್ಚಬಾರದು, ಇನ್ನೊಂದರಿಂದ ಖಚಿತ ಮಾಡಿಕೊಳ್ಳಬೇಕು.

ಎಚ್‌ಬಿಎ1ಸಿ ಎರಡು ಮೂರು ತಿಂಗಳ ಸರಾಸರಿ ಹೇಳುತ್ತದೆ, ಉಪವಾಸ ಬೇಡ, ಅನುಕೂಲ. ಆದರೆ ಅದು ಕೆಂಪು ರಕ್ತಕಣದ ಆಯಸ್ಸನ್ನು ನಂಬಿದ ಪರೀಕ್ಷೆ. ಕಬ್ಬಿಣದ ಕೊರತೆಯ ರಕ್ತಹೀನತೆಯಲ್ಲಿ ಅಂಕಿ ಇರಬೇಕಾದ್ದಕ್ಕಿಂತ ಮೇಲೆ ತೋರಬಹುದು. ರಕ್ತಸ್ರಾವ ಆಗಿದ್ದರೆ, ರಕ್ತ ಹಾಕಿಸಿಕೊಂಡಿದ್ದರೆ, ಡಯಾಲಿಸಿಸ್‌ನಲ್ಲಿದ್ದರೆ ಕೆಳಗೆ ತೋರುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಆದ್ದರಿಂದ ಎಚ್‌ಬಿಎ1ಸಿ 6.0 ಬಂದ ಹೆಣ್ಣುಮಗಳ ರಿಪೋರ್ಟಿನಲ್ಲಿ ಮೊದಲು ಹಿಮೋಗ್ಲೋಬಿನ್ ನೋಡಿ. ಸಿಬಿಸಿಯನ್ನು ಮೊದಲ ಸುತ್ತಿಗೇ ಸೇರಿಸಿದ್ದು ಇದಕ್ಕಾಗಿ.

ಅಂಕಿಗಳು ಒಂದಕ್ಕೊಂದು ತಾಳೆಯಾಗದಿದ್ದರೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಮಾಡುವ ಜಿಟಿಟಿ ಪರೀಕ್ಷೆ ತೀರ್ಮಾನ ಹೇಳುತ್ತದೆ. ಅದಕ್ಕೆ ಮುಂಚಿನ ಮೂರು ದಿನ ಎಂದಿನಂತೆ ಅನ್ನ-ರೊಟ್ಟಿ ತಿಂದಿರಬೇಕು. “ಟೆಸ್ಟ್ ಇದೆ” ಎಂದು ಅನ್ನ ಬಿಟ್ಟು ಹೋದರೆ ಉಲ್ಟಾ ಅಂಕಿ ಹೆಚ್ಚಾಗಿ ತೋರಿಸುತ್ತದೆ. ಗ್ಲೂಕೋಸ್ ನೀರನ್ನು ಐದು ನಿಮಿಷದಲ್ಲಿ ಕುಡಿದು ಎರಡು ಗಂಟೆ ಅಲ್ಲೇ ಕೂರಬೇಕು, ಪೇಟೆ ಸುತ್ತಿ ಬರುವಂತಿಲ್ಲ. ಇನ್ನು ದಿನಬಳಕೆಯ ಪಿಪಿ (ಊಟದ ನಂತರದ ಶುಗರ್) ಪರೀಕ್ಷೆಗೆ ಎರಡು ಗಂಟೆ ಎಂದರೆ ಮೊದಲ ತುತ್ತಿನಿಂದ ಎಣಿಸಬೇಕು, ಕೈತೊಳೆದ ಮೇಲಲ್ಲ. ಆ ದಿನ ಮಾತ್ರ ಎರಡೇ ಇಡ್ಲಿ ತಿಂದು ಅಂಕಿ ಚೆನ್ನಾಗಿ ಬರಿಸಿಕೊಳ್ಳುವವರಿದ್ದಾರೆ. ಮೋಸ ಹೋಗುವುದು ಅವರೇ.

ಗರ್ಭಿಣಿಯರಿಗೆ ನಿಯಮ ಬೇರೆ. ನಮ್ಮ ದೇಶದ ಮಾರ್ಗಸೂಚಿಯಂತೆ ಊಟ ಮಾಡಿರಲಿ ಬಿಡಲಿ, 75 ಗ್ರಾಂ ಗ್ಲೂಕೋಸ್ ಕೊಟ್ಟು ಎರಡು ಗಂಟೆಗೆ 140 ಅಥವಾ ಹೆಚ್ಚು ಬಂದರೆ ಗರ್ಭಿಣಿ ಮಧುಮೇಹ ಎಂದು ಪರಿಗಣಿಸುತ್ತಾರೆ. ಹೆರಿಗೆಯಾದ ಮೇಲೆ ಶುಗರ್ ನಾರ್ಮಲ್ ಆಯಿತೆಂದು ಬಾಣಂತನದ ಗಡಿಬಿಡಿಯಲ್ಲಿ ಮರೆತುಬಿಡುತ್ತಾರೆ. ಆರರಿಂದ ಹನ್ನೆರಡು ವಾರದೊಳಗೆ ಮತ್ತೊಮ್ಮೆ ಜಿಟಿಟಿ, ಆಮೇಲೆ ಜೀವನಪರ್ಯಂತ ಒಂದರಿಂದ ಮೂರು ವರ್ಷಕ್ಕೊಮ್ಮೆ ಶುಗರ್ ಪರೀಕ್ಷೆ ಮಾಡಿಸಲೇಬೇಕು. ಮನೆಯ ಹಿರಿಯರು ಇದನ್ನು ನೆನಪಿಟ್ಟು ಆಕೆಯನ್ನು ಕರೆದುಕೊಂಡು ಹೋಗಲಿ ಎಂದು ಕೈಮುಗಿದು ಕೇಳುತ್ತೇನೆ. ಪಿಸಿಒಎಸ್ (ಹಾರ್ಮೋನ್ ಏರುಪೇರಿನ ಒಂದು ತೊಂದರೆ) ಇರುವ, ಮುಟ್ಟು ಏರುಪೇರಾದ ಹುಡುಗಿಯರಿಗೂ ಶುಗರ್, ಲಿಪಿಡ್ ಪರೀಕ್ಷೆ ಬೇಕು, ತೂಕ ಕಡಿಮೆ ಇದ್ದರೂ ಸರಿ.

ವಿಪರೀತ ಬಾಯಾರಿಕೆ, ರಾತ್ರಿಯೆಲ್ಲ ಮೂತ್ರ, ದಿಢೀರ್ ತೂಕ ಇಳಿಕೆ, ಜೊತೆಗೆ ವಾಂತಿ, ಹೊಟ್ಟೆನೋವು, ಏದುಸಿರು ಇದ್ದರೆ ಪರೀಕ್ಷೆಯ ಸರತಿಯಲ್ಲಿ ನಿಲ್ಲಬೇಡಿ. ನೇರ ತುರ್ತು ಚಿಕಿತ್ಸೆಗೆ ಹೋಗಿ.

ಹಂತ 7: ಥೈರಾಯ್ಡಿಗೆ ಅದರ ಪಾಲಿನಷ್ಟೇ ತೂಕ ಕೊಡಿ

ಟಿಎಸ್‌ಎಚ್ ಸಾಮಾನ್ಯವಾಗಿ 0.4ರಿಂದ 4ರ ಆಸುಪಾಸಿನಲ್ಲಿರುತ್ತದೆ. ನಮ್ಮ ಉದಾಹರಣೆಯ 5.6ಕ್ಕೆ ಕೂಡಲೇ ಮಾತ್ರೆ ಬೇಕಿಲ್ಲ. ಎರಡು ಮೂರು ತಿಂಗಳು ಬಿಟ್ಟು ಫ್ರೀ ಟಿ4, ಆಂಟಿ-ಟಿಪಿಒ ಎಂಬ ಥೈರಾಯ್ಡಿನ ಇನ್ನೆರಡು ಪರೀಕ್ಷೆಗಳ ಜೊತೆಗೆ ಮತ್ತೆ ನೋಡಬೇಕು. ಎಷ್ಟೋ ಜನರಲ್ಲಿ ತಾನೇ ಇಳಿದಿರುತ್ತದೆ. 10 ದಾಟಿದ್ದರೆ, ಗರ್ಭಿಣಿಯಾಗಿದ್ದರೆ ಅಥವಾ ಗರ್ಭ ಧರಿಸುವ ಯೋಚನೆಯಿದ್ದರೆ ಮಾತು ಬೇರೆ, ವೈದ್ಯರನ್ನು ಬೇಗ ಕಾಣಿ. ನಿಜವಾದ ಹೈಪೊಥೈರಾಯ್ಡ್ ಇದ್ದಾಗಲೂ ಅದರಿಂದ ಏರುವ ತೂಕ ಹೆಚ್ಚಾಗಿ ಎರಡರಿಂದ ಐದು ಕೆಜಿ, ಅದರಲ್ಲಿ ಬಹುಪಾಲು ಉಪ್ಪು-ನೀರು. ಹದಿನೈದು ಕೆಜಿಯನ್ನು ಥೈರಾಯ್ಡ್ ತಲೆಗೆ ಕಟ್ಟಿದರೆ ನಿಜವಾದ ಕಾರಣ ಹಾಗೇ ಉಳಿಯುತ್ತದೆ. ಮಾತ್ರೆ ನುಂಗುವವರು ಕಾಫಿಗೆ ಅರ್ಧ-ಒಂದು ಗಂಟೆ ಮುಂಚೆ ನೀರಿನಲ್ಲಿ ನುಂಗಬೇಕು. ಪ್ರಮಾಣ ಬದಲಿಸಿದರೆ ಆರರಿಂದ ಎಂಟು ವಾರದ ನಂತರವೇ ಮರುಪರೀಕ್ಷೆ.

ಹಂತ 8: ಲಿವರ್ ಮತ್ತು ಕಿಡ್ನಿ

ಸ್ಕ್ಯಾನ್ ವರದಿಯಲ್ಲಿ “ಫ್ಯಾಟಿ ಲಿವರ್ ಗ್ರೇಡ್ 1” ಎಂದಿದ್ದರೆ “ಅದು ಎಲ್ಲರಿಗೂ ಇರುತ್ತೆ ಬಿಡಿ” ಎಂಬ ಉತ್ತರ ಸಿಗುವುದುಂಟು. ಇರುವುದು ನಿಜ, ಬಿಡುವಂಥದ್ದಲ್ಲ. ಲಿವರ್ ಗಟ್ಟಿಯಾಗುತ್ತಿದೆಯೇ ಎಂದು ತಿಳಿಯಲು ಕೈಯಲ್ಲಿರುವ ರಿಪೋರ್ಟಿನಿಂದಲೇ ಫಿಬ್-4 ಲೆಕ್ಕ ಹಾಕಬಹುದು: ವಯಸ್ಸನ್ನು ಎಎಸ್‌ಟಿಯಿಂದ ಗುಣಿಸಿ, ಪ್ಲೇಟ್‌ಲೆಟ್ (ಸಾವಿರಗಳಲ್ಲಿ) ಅಂಕಿಯನ್ನು ಎಎಲ್‌ಟಿಯ ವರ್ಗಮೂಲದಿಂದ ಗುಣಿಸಿ, ಮೊದಲಿನದ್ದನ್ನು ಇದರಿಂದ ಭಾಗಿಸಿ. 38 ವರ್ಷ, ಎಎಸ್‌ಟಿ 34, ಎಎಲ್‌ಟಿ 52, ಪ್ಲೇಟ್‌ಲೆಟ್ 2.4 ಲಕ್ಷ ಇದ್ದರೆ 0.75 ಬರುತ್ತದೆ. 1.3ಕ್ಕಿಂತ ಕಡಿಮೆ ಇದ್ದರೆ ಸದ್ಯಕ್ಕೆ ಭಯವಿಲ್ಲ, 2.67 ದಾಟಿದರೆ ಲಿವರ್ ತಜ್ಞರು, ನಡುವೆ ಇದ್ದರೆ ಫೈಬ್ರೊಸ್ಕ್ಯಾನ್ (ಲಿವರಿನ ಗಟ್ಟಿತನ ಅಳೆಯುವ ಸ್ಕ್ಯಾನ್). 35ರ ಒಳಗಿನವರಲ್ಲಿ ಈ ಲೆಕ್ಕ ಅಷ್ಟು ನಂಬಿಕೆಯದ್ದಲ್ಲ, 65 ದಾಟಿದವರಿಗೆ ಕೆಳಗಿನ ಗೆರೆ 2.0.

ಡಯಾಬಿಟಿಸ್ ಅಥವಾ ಬಿಪಿ ಇರುವವರು ವರ್ಷಕ್ಕೊಮ್ಮೆ ಮೂತ್ರದ ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತ (ಕಿಡ್ನಿಯಿಂದ ಪ್ರೊಟೀನ್ ಸೋರುತ್ತಿದೆಯೇ ಎಂಬ ಪರೀಕ್ಷೆ) ನೋಡಿಸಬೇಕು. 30ರ ಒಳಗಿರಬೇಕು. ರಕ್ತದ ಕ್ರಿಯಾಟಿನಿನ್ ಏರುವ ಎಷ್ಟೋ ಮೊದಲೇ ಇದು ಎಚ್ಚರಿಸುತ್ತದೆ, ಆದರೂ ತುಂಬ ಜನ ಮಾಡಿಸುವುದೇ ಇಲ್ಲ.

ಮೊದಲ ಸುತ್ತಿನಲ್ಲಿ ಬೇಡವಾದವು

ಖಾಲಿ ಹೊಟ್ಟೆಯ ಇನ್ಸುಲಿನ್ ಅಳೆದು ಲೆಕ್ಕ ಹಾಕುವ ಹೋಮಾ-ಐಆರ್ ಸಂಶೋಧನೆಗೆ ಒಳ್ಳೆಯದು. ಲ್ಯಾಬಿನಿಂದ ಲ್ಯಾಬಿಗೆ ಇನ್ಸುಲಿನ್ ಅಳತೆ ಬದಲಾಗುವುದರಿಂದ ಮನೆಮಟ್ಟದ ತೀರ್ಮಾನಕ್ಕೆ ಸೊಂಟ ಮತ್ತು ಟ್ರೈಗ್ಲಿಸರೈಡೇ ಸಾಕು. ಐಜಿಜಿ (ರಕ್ತದ ಒಂದು ಪ್ರತಿಕಾಯ) ಆಧಾರದ “ಫುಡ್ ಇನ್‌ಟಾಲರೆನ್ಸ್” ಪರೀಕ್ಷೆ, ಕೂದಲಿನ ಖನಿಜ ಪರೀಕ್ಷೆಗಳಿಗೆ ದುಡ್ಡು ಹಾಕಬೇಡಿ. ಜಿಮ್ಮಿನ ಸ್ಮಾರ್ಟ್ ತಕ್ಕಡಿ ತೋರಿಸುವ “ಮೆಟಬಾಲಿಕ್ ಏಜ್” ಕೂಡ ಒಂದು ಸೂತ್ರದಿಂದ ಬಂದ ಅಂದಾಜು, ಅದನ್ನು ನೋಡಿ ಬೇಸರಪಡಬೇಕಿಲ್ಲ.

ಮಕ್ಕಳಲ್ಲಿ ಬೇರೆಯದೇ ಕಥೆ

ಹುಟ್ಟಿನಿಂದಲೇ ಯಾವುದೋ ಕಿಣ್ವ ಇಲ್ಲದಿರುವ ಚಯಾಪಚಯ ಕಾಯಿಲೆಗಳಿವೆ. ಬ್ರಿಟನ್ನಿನ ಆರ್ಚಿಬಾಲ್ಡ್ ಗ್ಯಾರಡ್ 1908ರಲ್ಲಿ ಇವುಗಳ ಬಗ್ಗೆ ಉಪನ್ಯಾಸ ಕೊಟ್ಟಾಗ ಗೊತ್ತಿದ್ದವು ಕೆಲವೇ, ಈಗ ನೂರಾರು. ಒಂದೊಂದೂ ಅಪರೂಪ. ಆದರೆ ಸೋದರಮಾವನ ಜೊತೆ, ಅತ್ತೆಯ ಮಗನ ಜೊತೆ ಮದುವೆಯಾಗುವ ಪದ್ಧತಿ ಇನ್ನೂ ಇರುವ ನಮ್ಮ ನಾಡಿನಲ್ಲಿ ಅವುಗಳನ್ನು ಮರೆಯುವಂತಿಲ್ಲ. ಮಗು ಹುಟ್ಟಿ 48ರಿಂದ 72 ಗಂಟೆಯೊಳಗೆ ಹಿಮ್ಮಡಿಯಿಂದ ಕೆಲವು ಹನಿ ರಕ್ತವನ್ನು ಕಾಗದದ ಮೇಲೆ ತೆಗೆದು ಮಾಡುವ ತಪಾಸಣೆ ಕೇಳಿ ಮಾಡಿಸಿಕೊಳ್ಳಿ. ಹುಟ್ಟಿನ ಥೈರಾಯ್ಡ್ ಕೊರತೆ ಒಂದನ್ನು ಹಿಡಿದರೂ ಸಾಕು: ಮೊದಲ ಎರಡು ವಾರದೊಳಗೆ ಮಾತ್ರೆ ಶುರುವಾದರೆ ಮಗುವಿನ ಬುದ್ಧಿ ಬೆಳವಣಿಗೆ ಉಳಿಯುತ್ತದೆ.

ಚೆನ್ನಾಗಿ ಹುಟ್ಟಿದ ಕೂಸು ಎರಡು ಮೂರನೇ ದಿನದಿಂದ ಹಾಲು ಬಿಡುತ್ತಿದೆ, ವಾಂತಿ, ಮಂಕು, ಫಿಟ್ಸ್, ಮೈಯಿಂದ ಅಥವಾ ಮೂತ್ರದಿಂದ ವಿಚಿತ್ರ ವಾಸನೆ, ಹಿಂದೆ ಇದೇ ರೀತಿ ಒಂದು ಮಗು ತೀರಿಕೊಂಡಿದೆ. ಇಂಥಲ್ಲಿ ಸೋಂಕಿನ ಚಿಕಿತ್ಸೆಯ ಜೊತೆಗೇ ರಕ್ತದ ಅಮೋನಿಯಾ, ಲ್ಯಾಕ್ಟೇಟ್, ಗ್ಲೂಕೋಸ್, ಬ್ಲಡ್ ಗ್ಯಾಸ್ ನೋಡಲು ವೈದ್ಯರನ್ನು ಕೇಳಿ. ಮುಂದೆ ಯಾವ ಕಾಯಿಲೆ ಎಂದು ಗುರುತಿಸಲು ಟ್ಯಾಂಡಮ್ ಮಾಸ್ ಸ್ಪೆಕ್ಟ್ರೊಮೆಟ್ರಿ, ಮೂತ್ರದ ಜಿಸಿಎಂಎಸ್, ಜೀನ್ ಪರೀಕ್ಷೆ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಡಿ ಚಿಕಿತ್ಸೆಗೆ 50 ಲಕ್ಷ ರೂಪಾಯಿವರೆಗೆ ನೆರವಿಗೆ ಅವಕಾಶವಿದೆ. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಈ ನೀತಿಯಡಿ ಗುರುತಿಸಿದ ಕೇಂದ್ರಗಳಲ್ಲಿ ಒಂದು.

ರಿಪೋರ್ಟ್ ಬಂದ ಮೇಲೆ

ಮೆಟಬಾಲಿಕ್ ಸಿಂಡ್ರೋಮಿನ ಐದು ಗುರುತುಗಳಲ್ಲಿ ಒಂದೂ ಇಲ್ಲದಿದ್ದರೆ, 30 ದಾಟಿದವರು ಒಂದರಿಂದ ಮೂರು ವರ್ಷಕ್ಕೊಮ್ಮೆ ಇದೇ ಪರೀಕ್ಷೆ ಮಾಡಿಸಿದರೆ ಸಾಕು. ಒಂದೆರಡಿದ್ದರೆ ವರ್ಷಕ್ಕೊಮ್ಮೆ. ಮೂರು ಅಥವಾ ಹೆಚ್ಚು ಇದ್ದರೆ ವೈದ್ಯರನ್ನು ಕಂಡು ಮೂರು ತಿಂಗಳ ಯೋಜನೆ ಹಾಕಿಕೊಳ್ಳಿ: ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆ, ವಾರಕ್ಕೆ ಎರಡು ದಿನ ಭಾರ ಎತ್ತುವ ಅಥವಾ ಬಸ್ಕಿಯಂಥ ವ್ಯಾಯಾಮ, ತಟ್ಟೆಯಲ್ಲಿ ಅನ್ನ-ಮುದ್ದೆ ಒಂದು ಪಾಲು ಇಳಿಸಿ ಆ ಜಾಗಕ್ಕೆ ಹುರುಳಿ, ಹೆಸರು, ಮೊಟ್ಟೆ, ಮೊಸರು, ಸೊಪ್ಪಿನ ಪಲ್ಯ. ಸಕ್ಕರೆ ಬಿಟ್ಟು ಬೆಲ್ಲ ಹಿಡಿದರೆ ಶುಗರಿಗೆ ಏನೂ ಲಾಭವಿಲ್ಲ.

ಇದರಿಂದ ಏನಾದರೂ ಆಗುತ್ತದೆಯೇ ಎಂಬ ಅನುಮಾನಕ್ಕೆ ನಮ್ಮ ದೇಶದ್ದೇ ಉತ್ತರವಿದೆ. ಚೆನ್ನೈನ ಎ. ರಾಮಚಂದ್ರನ್ ನೇತೃತ್ವದ ತಂಡ 2006ರಲ್ಲಿ ಪ್ರಕಟಿಸಿದ ಇಂಡಿಯನ್ ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಮಿನಲ್ಲಿ ಪ್ರಿಡಯಾಬಿಟಿಸ್ ಇದ್ದವರು ಬರಿಯ ನಡಿಗೆ ಮತ್ತು ಊಟದ ಬದಲಾವಣೆಯಿಂದ ಡಯಾಬಿಟಿಸ್ ಆಗುವ ಸಂಭವವನ್ನು ಶೇ. 28.5ರಷ್ಟು ಇಳಿಸಿಕೊಂಡರು. ಮೆಟ್‌ಫಾರ್ಮಿನ್ ಮಾತ್ರೆಯಿಂದ ಇಳಿದದ್ದು ಶೇ. 26.4.

ವೈದ್ಯರ ಹತ್ತಿರ ಹೋಗುವಾಗ ಹಳೆಯ ರಿಪೋರ್ಟುಗಳನ್ನೆಲ್ಲ ದಿನಾಂಕದ ಕ್ರಮದಲ್ಲಿ ಜೋಡಿಸಿ ಒಯ್ಯಿರಿ. ನುಂಗುತ್ತಿರುವ ಎಲ್ಲ ಮಾತ್ರೆ, ಆಯುರ್ವೇದದ ಪುಡಿ, ಜಿಮ್ಮಿನ ಪ್ರೊಟೀನ್ ಡಬ್ಬ ಸೇರಿ, ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಅಪ್ಪ, ಅಮ್ಮ, ಒಡಹುಟ್ಟಿದವರಲ್ಲಿ ಯಾರಿಗೆ ಯಾವ ವಯಸ್ಸಿಗೆ ಶುಗರ್, ಹೃದಯಾಘಾತ ಬಂತು ಎಂಬುದನ್ನೂ ಬರೆಯಿರಿ. ಮರುಪರೀಕ್ಷೆಯನ್ನು ಸಾಧ್ಯವಾದಷ್ಟು ಅದೇ ಲ್ಯಾಬಿನಲ್ಲಿ, ಅದೇ ಹೊತ್ತಿಗೆ ಮಾಡಿಸಿ. ಎಚ್‌ಬಿಎ1ಸಿಯನ್ನು ಮೂರು ತಿಂಗಳಿಗಿಂತ ಮುಂಚೆ ಮತ್ತೆ ನೋಡಿ ಪ್ರಯೋಜನವಿಲ್ಲ. ಸೊಂಟವನ್ನು ಮಾತ್ರ ತಿಂಗಳಿಗೊಮ್ಮೆ ಅಳೆಯಬಹುದು, ತೂಕ ಅಲುಗಾಡದ ತಿಂಗಳಲ್ಲೂ ಅದು ಇಳಿದಿರುವುದುಂಟು.